ಅಬ್ಸಿಸಿಕ್ ಆಮ್ಲ: ಒಂದು ಹೆಸರಿನ ಚರಿತ್ರೆ, ಒಂದು ಗ್ರಾಹಕದ ಶೋಧ

ಕೆಲವು ಪಾರಿಭಾಷಿಕ ಪದಗಳು ವಸ್ತುವಿನ ಸ್ವಭಾವಕ್ಕಿಂತ ಅದನ್ನು ಮೊದಲು ಕಂಡವರ ಪ್ರಶ್ನೆಯನ್ನೇ ಹೆಚ್ಚಾಗಿ ಸೂಚಿಸುತ್ತವೆ. ಅಬ್ಸಿಸಿಕ್ ಆಮ್ಲವೆಂಬುದು ಅಂಥ ಹೆಸರು. ಹತ್ತಿಯ ಎಳೆಗಾಯಿಗಳು ಉದುರುವ ಕಾರಣವನ್ನು ಅರಸುತ್ತಿದ್ದ ಕ್ಯಾಲಿಫೋರ್ನಿಯಾದ ಫ್ರೆಡ್ರಿಕ್ ಅಡಿಕಾಟ್ ಮತ್ತು ಸಹೋದ್ಯೋಗಿಗಳು 1963ರಲ್ಲಿ ತಾವು ಬೇರ್ಪಡಿಸಿದ ವಸ್ತುವನ್ನು, ಕಳಚಿ ಬೀಳುವುದೆಂಬ ಅರ್ಥ ಬರುವಂತೆ, ‘ಅಬ್ಸಿಸಿನ್ 2’ ಎಂದು ಕರೆದರು. ಅದೇ ವೇಳೆಗೆ ವೇಲ್ಸ್‌ನ ಅಬೆರಿಸ್ಟ್ವಿತ್‌ನಲ್ಲಿ ಫಿಲಿಪ್ ವೇರಿಂಗ್ ಅವರ ತಂಡ ಮರಗಳ ಮೊಗ್ಗಿನ ಸುಪ್ತಾವಸ್ಥೆಯನ್ನು ಅಭ್ಯಸಿಸುತ್ತಿತ್ತು. ಅವರ ವಸ್ತುವಿನ ಹೆಸರು ‘ಡಾರ್ಮಿನ್’. ಎರಡೂ ಒಂದೇ ಎಂಬುದು 1965ರಲ್ಲಿ ಸಿಕಮೋರ್ ಎಲೆಗಳ ಸಾರವನ್ನು ಪರೀಕ್ಷಿಸಿದ ಜಾನ್ ಕಾರ್ನ್‌ಫರ್ತ್ ಮತ್ತಿತರರಿಂದ ಸ್ಥಿರಪಟ್ಟಿತು. 1967ರ ಒಟ್ಟಾವಾ ಸಮ್ಮೇಳನದಲ್ಲಿ ಈಗಿನ ಹೆಸರಿಗೆ ಒಪ್ಪಿಗೆ ದೊರೆಯಿತು.

ಆದರೆ ಬಹುಪಾಲು ಸಸ್ಯಗಳಲ್ಲಿ ಎಲೆ ಉದುರುವಿಕೆಯನ್ನು ಮುಖ್ಯವಾಗಿ ಪ್ರಚೋದಿಸುವುದು ಎಥಿಲೀನ್. ಈ ಪದವನ್ನು ಕನ್ನಡಕ್ಕೆ ‘ಉದುರಾಮ್ಲ’ವೆಂದು ಅನುವಾದಿಸಿದರೆ ಹಳೆಯ ತಪ್ಪನ್ನೂ ಬರಮಾಡಿಕೊಂಡಂತಾಗುತ್ತದೆ, ಲಿಪ್ಯಂತರವೇ ಲೇಸು.

ಆಮ್ಲದ ನಿಜವಾದ ಕಾರ್ಯಕ್ಷೇತ್ರ 1969ರಲ್ಲಿ ಗೋಚರಿಸಿತು. ಬಾಡಿದ ಗೋಧಿ ಎಲೆಗಳಲ್ಲಿ ಅದರ ಪ್ರಮಾಣ ಹಲವು ಪಟ್ಟು ಏರುವುದನ್ನು ರೈಟ್ ಮತ್ತು ಹಿರೋನ್ ತೋರಿಸಿದರು. ಅದು ಪತ್ರರಂಧ್ರಗಳನ್ನು ಮುಚ್ಚಿಸುವುದೂ ಅದೇ ವರ್ಷ ವರದಿಯಾಯಿತು. ಅಂದರೆ ನೀರಿನ ಅಭಾವದ ಸುದ್ದಿಯನ್ನು ಇದು ಜೀವಕೋಶಕ್ಕೆ ಮುಟ್ಟಿಸುತ್ತಿತ್ತು. ಕೋಶದಲ್ಲಿ ಆ ಸುದ್ದಿಯನ್ನು ಸ್ವೀಕರಿಸುವುದು ಯಾವುದು?

ಈ ಪ್ರಶ್ನೆ ನಾಲ್ಕು ದಶಕ ಕಾಡಿತು. 2006ರಲ್ಲಿ ಗ್ರಾಹಕವೆಂದು ಪ್ರಕಟವಾದ ಒಂದು ಪ್ರೋಟೀನಿನ ಕುರಿತ ಲೇಖನವನ್ನು 2008ರಲ್ಲಿ ಹಿಂತೆಗೆದುಕೊಳ್ಳಬೇಕಾಯಿತು. ವಿಳಂಬಕ್ಕೆ ಸಸ್ಯದ ರಚನೆಯೇ ಒಂದು ಕಾರಣ: ಅರಾಬಿಡಾಪ್ಸಿಸ್‌ನಲ್ಲಿ ಈ ಗ್ರಾಹಕ ಕುಟುಂಬಕ್ಕೆ 14 ಜೀನುಗಳಿವೆ. ಒಂದು ಕೆಟ್ಟರೆ ಉಳಿದವು ಅದರ ಕೆಲಸವನ್ನು ನಿರ್ವಹಿಸುವುದರಿಂದ, ಜೀನು ಕೆಡಿಸಿ ಪರಿಣಾಮ ನೋಡುವ ರೂಢಿಯ ವಿಧಾನಕ್ಕೆ ಅವು ಸಿಕ್ಕಲಿಲ್ಲ. ರಿವರ್‌ಸೈಡ್‌ನ ಶಾನ್ ಕಟ್ಲರ್ ಅವರ ತಂಡ ಪೈರಾಬ್ಯಾಕ್ಟಿನ್ ಎಂಬ ಕೃತಕ ರಾಸಾಯನಿಕದ ಜಾಡು ಹಿಡಿದು 2009ರಲ್ಲಿ ಗ್ರಾಹಕವನ್ನು ತಲುಪಿತು. ಅದೇ ವರ್ಷ ಮ್ಯೂನಿಕ್‌ನ ಎರ್ವಿನ್ ಗ್ರಿಲ್ ಅವರ ತಂಡ ಬೇರೊಂದು ಹಾದಿಯಿಂದ ಅದೇ ಕುಟುಂಬವನ್ನು ಗುರುತಿಸಿತು.

ಬೆಳಕಿಗೆ ಬಂದ ಕ್ರಮ ಅನಿರೀಕ್ಷಿತವಾಗಿತ್ತು. ಸಾಮಾನ್ಯ ಸ್ಥಿತಿಯಲ್ಲಿ ಫಾಸ್ಫಟೇಸ್ ಕಿಣ್ವಗಳು ಕೈನೇಸ್ ಕಿಣ್ವಗಳನ್ನು ತಡೆದಿಟ್ಟಿರುತ್ತವೆ. ಆಮ್ಲದೊಡನೆ ಕೂಡಿದ ಗ್ರಾಹಕ ಆ ಫಾಸ್ಫಟೇಸನ್ನೇ ಹಿಡಿದು ನಿಲ್ಲಿಸುತ್ತದೆ. ಬಿಡುಗಡೆಗೊಂಡ ಕೈನೇಸ್ ಕಾವಲು ಕೋಶದ ಪೊರೆಯಲ್ಲಿನ ಅಯಾನು ನಾಳಗಳನ್ನು ತೆರೆಯಿಸುತ್ತದೆ; ಕೋಶದಿಂದ ಅಯಾನುಗಳೂ ಅವುಗಳ ಹಿಂದೆ ನೀರೂ ಹೊರಹೋಗಿ, ರಂಧ್ರ ಮುಚ್ಚುತ್ತದೆ. 2015ರಲ್ಲಿ ಕಟ್ಲರ್ ಅವರ ತಂಡ ಈ ಗ್ರಾಹಕವನ್ನು ಮಾರ್ಪಡಿಸಿ, ಮ್ಯಾಂಡಿಪ್ರೊಪಮಿಡ್ ಎಂಬ ಶಿಲೀಂಧ್ರನಾಶಕಕ್ಕೆ ಸ್ಪಂದಿಸುವಂತೆ ಮಾಡಿತು. ಅದನ್ನು ಸಿಂಪಡಿಸಿದಾಗ ಅಂಥ ಟೊಮೇಟೊ ಗಿಡಗಳು ಪತ್ರರಂಧ್ರಗಳನ್ನು ಮುಚ್ಚಿ ನೀರನ್ನು ಉಳಿಸಿಕೊಂಡವು.