ಕುದುರೆ

ಈಕ್ವಿಡೇ ಕುಟುಂಬಕ್ಕೆ ಸೇರಿದ, ಒಂಟಿ ಗೊರಸಿನ ಸಸ್ಯಾಹಾರಿ ಸ್ತನಿ. ಅಶ್ವ, ತುರಗ ಪರ್ಯಾಯನಾಮಗಳು. ಕತ್ತೆ, ಜೀಬ್ರಾ ಇದರ ಹತ್ತಿರದ ಸಂಬಂಧಿಗಳು. ಇಂದಿನ ಸಾಕುಕುದುರೆಗಳ ಮೂಲ ಸುಮಾರು 4,200 ವರ್ಷಗಳ ಹಿಂದಿನ ವೋಲ್ಗಾ–ಡಾನ್ ನದಿಗಳ ಹುಲ್ಲುಗಾವಲು ಪ್ರದೇಶ.

ದೇಹರಚನೆ: ಪ್ರತಿ ಕಾಲಿನಲ್ಲಿ ನಡುಬೆರಳೊಂದೇ ಬೆಳೆದು ಗೊರಸಾಗಿದೆ. ವರ್ಣತಂತುಗಳು 64. ಜಠರಕ್ಕೆ ಒಂದೇ ಕೋಣೆ. ನಾರಿನಂಶ ದೊಡ್ಡ ಕರುಳಿನ ಭಾಗದಲ್ಲಿ ಹುದುಗೆದ್ದು ಜೀರ್ಣವಾಗುತ್ತದೆ. ಪಿತ್ತಕೋಶವಿಲ್ಲ, ವಾಂತಿ ಮಾಡಲಾರದು. ಕಾಲಿನ ಸ್ನಾಯುರಜ್ಜು, ಅಸ್ಥಿಬಂಧಗಳು ಕೀಲುಗಳನ್ನು ಬಿಗಿಹಿಡಿಯುವುದರಿಂದ ನಿಂತೇ ತೂಕಡಿಸಬಲ್ಲದು, ಗಾಢನಿದ್ರೆಗೆ ಮಲಗಲೇಬೇಕು. ಕೆಳದವಡೆಯ ಬಾಚಿಹಲ್ಲುಗಳ ಕುಳಿ ಸವೆದ ಮಟ್ಟ ನೋಡಿ ವಯಸ್ಸನ್ನು ಅಂದಾಜಿಸುತ್ತಾರೆ.

ಸಂತಾನ: ಗರ್ಭಾವಧಿ ಸುಮಾರು 11 ತಿಂಗಳು, ಸಾಮಾನ್ಯವಾಗಿ ಒಂದೇ ಮರಿ. ಹುಟ್ಟಿದ ಒಂದೆರಡು ಗಂಟೆಗಳಲ್ಲಿ ಮರಿ ಎದ್ದು ನಿಲ್ಲುತ್ತದೆ. ಆಯುಸ್ಸು 25–30 ವರ್ಷ.

ಕರ್ನಾಟಕದಲ್ಲಿ: ವಿಜಯನಗರದ ಅರಸರು ಅಶ್ವದಳಕ್ಕಾಗಿ ಅರಬ್, ಪರ್ಷಿಯನ್ ಕುದುರೆಗಳನ್ನು ಪಶ್ಚಿಮ ಕರಾವಳಿಯ ಬಂದರುಗಳ ಮೂಲಕ ತರಿಸುತ್ತಿದ್ದರು. ತುಮಕೂರು ಜಿಲ್ಲೆಯ ಕುಣಿಗಲ್ ಕುದುರೆ ಫಾರಂ ಟಿಪ್ಪು ಸುಲ್ತಾನನ ಕಾಲದ್ದು; ಮುಂದೆ ಪಂದ್ಯದ ಥರೋಬ್ರೆಡ್ ತಳಿಗೆ ಹೆಸರಾಯಿತು. ಬೆಂಗಳೂರಿನ ಮಲ್ಲೇಶ್ವರಂ, ಬಸವನಗುಡಿ, ಚಾಮರಾಜಪೇಟೆಗಳಲ್ಲಿ 20ನೇ ಶತಮಾನದಲ್ಲಿ ಒಂಟಿಕುದುರೆಯ ಜಟಕಾ ಬಾಡಿಗೆ ವಾಹನವಾಗಿತ್ತು. ಆಟೋರಿಕ್ಷಾ, ಬಸ್ಸುಗಳು ಹೆಚ್ಚಿದಂತೆ ಮರೆಯಾಯಿತು. ಈಗ ಕುದುರೆಯ ಬಳಕೆ ಮುಖ್ಯವಾಗಿ ಪಂದ್ಯ, ಸವಾರಿ ತರಬೇತಿ, ಅಶ್ವಾರೋಹಿ ಪೊಲೀಸ್ ದಳ ಹಾಗೂ ಮೈಸೂರು ದಸರಾ ಮೆರವಣಿಗೆಯಲ್ಲಿದೆ.