ಇರುಳ ಬೇಟೆಯೂ ಕಣ್ಣು ಕುಕ್ಕುವ ಬೆಳಕೂ

ಅಮೆರಿಕದ ಟೆಕ್ಸಾಸಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ತಿಂಗಳು ದೂರವಾಣಿಯಲ್ಲಿ ಮಾತನಾಡುತ್ತ ಒಂದು ವಿಚಿತ್ರ ಸಂಗತಿ ಹೇಳಿದ. ಬೆಳೆ ಹಾಳುಮಾಡುವ ಕಾಡುಹಂದಿಗಳನ್ನು ಅಲ್ಲಿ ರಾತ್ರಿಯಲ್ಲೂ ಬೇಟೆಯಾಡಲು ಕಾನೂನಿನ ಅಡ್ಡಿಯಿಲ್ಲವಂತೆ. ಅವನ ನೆರೆಮನೆಯವರು ಕತ್ತಲೆಯಲ್ಲಿ ಕಾಣಿಸುವ ದುರ್ಬೀನನ್ನು ಬಂದೂಕಿಗೆ ಜೋಡಿಸಿಕೊಂಡು ಹೋಗುತ್ತಾರಂತೆ. ಆದರೆ ಅದರೊಳಗಿನ ಪುಟ್ಟ ಪರದೆಯ ಪ್ರಖರತೆಗೆ ಕಣ್ಣು ಕುಕ್ಕಿ, ಮುಖ ಈಚೆಗೆ ತೆಗೆದೊಡನೆ ಕಾಲ ಕೆಳಗಿನ ಕಲ್ಲೂ ಕಾಣದೆಂದು ಅವರ ದೂರು. “ನಮ್ಮ ಮುತ್ತತ್ತಿ ಕಡೆ ಹಿಂದೆ ರಾತ್ರಿ ಷಿಕಾರಿ ಮಾಡುತ್ತಿದ್ದವರು ಏನು ಮಾಡುತ್ತಿದ್ದರು ಮೇಷ್ಟ್ರೇ?” ಎಂದು ಕೇಳಿದ. ಇತಿಹಾಸ ಪಾಠ ಹೇಳಿದವನನ್ನು ಇಂತಹ ಪ್ರಶ್ನೆ ಸುಮ್ಮನೆ ಬಿಡುವುದಿಲ್ಲ. ಅವನಿಗೆ ಹೇಳಿದ್ದನ್ನೇ ನಿಮಗೂ ಒಂದಿಷ್ಟು ವಿಸ್ತರಿಸಿ ಬರೆಯುತ್ತಿದ್ದೇನೆ.

ಮುತ್ತತ್ತಿಯನ್ನು ನಿಮ್ಮಲ್ಲಿ ಬಹುಮಂದಿ ಬಲ್ಲಿರಿ. ಮಳವಳ್ಳಿ ತಾಲ್ಲೂಕಿನ ಹಲಗೂರಿನಿಂದ ಕಾಡಿನ ದಾರಿ ಹಿಡಿದು ಇಳಿದರೆ ಕಾವೇರಿಯ ದಡ, ಮುತ್ತುರಾಯಸ್ವಾಮಿಯ ಗುಡಿ. ಸೀತಾಮಾತೆಯ ಮೂಗುತಿಯ ಮುತ್ತು ಹೊಳೆಗೆ ಬಿದ್ದಾಗ ಆಂಜನೇಯ ತನ್ನ ಬಾಲದಿಂದ ಹುಡುಕಿ ತೆಗೆದನೆಂಬುದು ಸ್ಥಳಪುರಾಣ. ಇದೇ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿಯೇ ವಿದ್ಯುತ್ತು ಹುಟ್ಟಿತು. ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನೂ ಬೆಳಗಿತು. ಅದೇ ಹೊಳೆಯ ಕೆಳಭಾಗದ ಈ ಕಾಡಿನಲ್ಲಿ ಮಾತ್ರ ಬಹುಕಾಲ ಕತ್ತಲೆಯದೇ ರಾಜ್ಯಭಾರ.

ಆ ಕತ್ತಲೆಯಲ್ಲಿ ಬೇಟೆಗೆ ಹೋಗುತ್ತಿದ್ದವರ ಮೊದಲ ಸಾಧನ ಪಂಜು. ಪಂಜನ್ನು ಮುಂದೆ ಹಿಡಿದವನಿಗೆ ಉರಿಯೇ ಕಾಣುತ್ತದೆ ಹೊರತು ಉರಿಯ ಆಚೆಗಿರುವುದು ಕಾಣುವುದಿಲ್ಲ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಲಗೂರು ಕಡೆಯ ವೃದ್ಧರೊಬ್ಬರು ಇದಕ್ಕೆ ಅವರ ತಂದೆಯ ಕಾಲದವರು ಕಂಡುಕೊಂಡಿದ್ದ ಉಪಾಯ ಹೇಳಿದ್ದರು. ಒಂದು ಮಡಕೆಯ ಪಕ್ಕವನ್ನು ಒಡೆದು, ಒಳಗೆ ದೀಪವಿಟ್ಟು, ಒಡೆದ ಬಾಯಿಯನ್ನು ಮುಂದಕ್ಕೆ ಹಿಡಿಯುವುದು. ಬೆಳಕು ಮೊಲದ ಮೇಲೆ. ಹಿಡಿದವನ ಮುಖ ಕತ್ತಲೆಯಲ್ಲಿ. ಜೊತೆಯವನೊಬ್ಬ ಗಂಟೆ ಬಾರಿಸುತ್ತ ಬರುತ್ತಿದ್ದನಂತೆ, ಹೆಜ್ಜೆಯ ಸದ್ದು ಮುಚ್ಚಿಹೋಗಲೆಂದು. ಆ ಒಡಕು ಮಡಕೆಯೂ ಟೆಕ್ಸಾಸಿನ ನೆರೆಮನೆಯವರ ಸಮಸ್ಯೆಗೆ ಉತ್ತರವೇ ಅಲ್ಲವೆ?

ಇಲ್ಲಿ ಸ್ವಲ್ಪ ವಿಜ್ಞಾನದ ಮೇಷ್ಟ್ರ ಸೀಮೆಗೆ ಕಾಲಿಡುತ್ತೇನೆ. ಮಬ್ಬಿನಲ್ಲಿ ನೋಡುವ ಕೆಲಸ ನಮ್ಮ ಅಕ್ಷಿಪಟಲದ ದಂಡಕೋಶಗಳದು. ಅವುಗಳಲ್ಲಿರುವ ರೊಡಾಪ್ಸಿನ್ ಎಂಬ ವಸ್ತು ಬೆಳಕು ತಗುಲಿದರೆ ಬಿಳಚಿಕೊಳ್ಳುತ್ತದೆ. ಮತ್ತೆ ತುಂಬಿಕೊಳ್ಳಲು 20ರಿಂದ 30 ನಿಮಿಷ ಬೇಕು. ಅರ್ಧ ಗಂಟೆ ಕಾದು ಗಳಿಸಿದ ಇರುಳುಗಣ್ಣನ್ನು ಒಂದು ಬೆಂಕಿಕಡ್ಡಿ ಗೀರಿ ಕಳೆದುಕೊಳ್ಳಬಹುದು. ಕಡುಗೆಂಪು ಬೆಳಕು ಮಾತ್ರ ದಂಡಕೋಶಗಳನ್ನು ಅಷ್ಟಾಗಿ ಕೆಣಕುವುದಿಲ್ಲ. ಹಿಂದೆ ಎಕ್ಸ್‌ರೇ ಪರದೆಯನ್ನು ಕತ್ತಲೆಕೋಣೆಯಲ್ಲಿ ನೋಡುತ್ತಿದ್ದ ವೈದ್ಯರು ಮೊದಲೇ ಕೆಂಪು ಕನ್ನಡಕ ಧರಿಸಿ ಕಣ್ಣನ್ನು ಹದಗೊಳಿಸಿಕೊಳ್ಳುತ್ತಿದ್ದುದು ಇದಕ್ಕಾಗಿಯೇ.

ಪಂಜಿನ ಅನಂತರ ಕಾರ್ಬೈಡ್ ದೀಪ ಬಂತು. ಕಾರ್ಬೈಡಿನ ಮೇಲೆ ನೀರು ತೊಟ್ಟಿಕ್ಕಿದರೆ ಹುಟ್ಟುವ ಅನಿಲದ ಬಿಳಿಯ ಜ್ವಾಲೆಗೆ ಹಿಂದಿನಿಂದ ಒಂದು ತಗಡಿನ ಕನ್ನಡಿ. ಈ ದೀಪಕ್ಕೆ ಇನ್ನೊಂದು ಉಪಯೋಗವೂ ಇತ್ತು. ಗುರಿಕಾರರು ಅದರ ಹೊಗೆಗೆ ಬಂದೂಕಿನ ತುದಿಯ ಗುರಿಯನ್ನು ಹಿಡಿದು ಮಸಿ ಕಟ್ಟಿಸುತ್ತಿದ್ದರು, ಲೋಹ ಹೊಳೆದು ಕಣ್ಣು ತಪ್ಪಿಸದಿರಲೆಂದು. ಕುಕ್ಕುವ ದೀಪವೇ ಕುಕ್ಕದಿರಲು ಮಸಿಯನ್ನೂ ಕೊಡುತ್ತಿತ್ತು!

ಆಮೇಲೆ ನಾವು ‘ಬ್ಯಾಟ್ರಿ’ ಎನ್ನುವ ಕೈದೀಪ. ಬೆಂಗಳೂರಿನ ಕೆನೆತ್ ಆಂಡರ್ಸನ್ (1910–1974) ತಮ್ಮ .405 ವಿಂಚೆಸ್ಟರ್ ಬಂದೂಕಿಗೆ ಇದನ್ನು ಬಿಗಿದುಕೊಂಡು ಅಟ್ಟಣೆಯ ಮೇಲೆ ನರಭಕ್ಷಕಗಳಿಗಾಗಿ ಕಾಯುತ್ತಿದ್ದುದನ್ನು ಪೂರ್ಣಚಂದ್ರ ತೇಜಸ್ವಿಯವರ ‘ಕಾಡಿನ ಕಥೆಗಳು’ ಮಾಲೆಯ ಮೂಲಕ ನಿಮ್ಮಲ್ಲಿ ಅನೇಕರು ಓದಿರುತ್ತೀರಿ. ಹಾಗೆ ಕಾಯುವಾಗ ದೀಪ ಹೊತ್ತಿಸುವುದು ಕಟ್ಟಕಡೆಯ ಕ್ಷಣದಲ್ಲಿ ಮಾತ್ರ. ಅಲ್ಲಿಯವರೆಗೆ ಕಿವಿಯದೇ ಕೆಲಸ. ಬೆಳಕು ನಳಿಗೆಯ ಬೆನ್ನಿಗೆ ಬಿದ್ದು ಕಣ್ಣಿಗೆ ಮರಳದಂತೆ ದೀಪವನ್ನು ಕಟ್ಟುವುದೂ ಒಂದು ವಿದ್ಯೆಯೇ. ಮೇಲೆ ಹೇಳಿದ ವೃದ್ಧರು ನಾಡಬಂದೂಕಿನ ಬಗ್ಗೆ ಆಡಿದ ಮಾತು ಇನ್ನೂ ನೆನಪಿದೆ. ಕರಿಮದ್ದಿನ ಹೊಗೆ ಎದ್ದೊಡನೆ ಬ್ಯಾಟ್ರಿಯ ಬೆಳಕು ಅದಕ್ಕೆ ಬಡಿದು ಸುಣ್ಣ ಬಳಿದ ಗೋಡೆಯೊಂದು ಎದುರು ನಿಂತಂತಾಗುತ್ತಿತ್ತಂತೆ. ಗೋಡೆಯ ಆಚೆ ಬಿದ್ದದ್ದು ಹಂದಿಯೋ ಮತ್ತೊಂದೋ, ಹೊಗೆ ಚದುರುವವರೆಗೆ ತಿಳಿಯದು.

ಆ ‘ಮತ್ತೊಂದು’ ಎಂಬಲ್ಲಿಯೇ ಅಪಾಯವೆಲ್ಲ ಇರುವುದು. ಜಿಂಕೆ, ಚಿರತೆಗಳ ಕಣ್ಣಿನ ಹಿಂಭಾಗದಲ್ಲಿ ಕನ್ನಡಿಯಂತಹ ಪದರವಿದ್ದು, ದೀಪ ಬಿದ್ದರೆ ಕೆಂಡದಂತೆ ಹೊಳೆಯುತ್ತದೆ. ಹಸು ಎಮ್ಮೆಗಳ ಕಣ್ಣೂ ಹಾಗೆಯೇ ಹೊಳೆಯುತ್ತದೆ. ಮನುಷ್ಯನ ಕಣ್ಣಿನಲ್ಲಿ ಆ ಪದರವಿಲ್ಲ. ಹೊಳೆಯುವ ಕಣ್ಣಿಗೆ ಗುರಿಯಿಟ್ಟವನಿಗೆ ಅದರ ಪಕ್ಕದಲ್ಲಿ ಕಂಬಳಿ ಹೊದ್ದು ಕುಳಿತ ದನಗಾಹಿ ಕಾಣದೇ ಹೋಗಬಹುದು. ಪ್ರಾಣಿಯ ಪಾಡಂತೂ ಇನ್ನೂ ಕಷ್ಟ. ಕಡವೆ ಬೆಳಕಿಗೆ ಕಣ್ಣು ಕೊಟ್ಟು ಕಲ್ಲಿನಂತೆ ನಿಂತುಬಿಡುತ್ತದೆ. ನಿಂತ ಪ್ರಾಣಿಗೆ ಹೊಡೆಯುವುದನ್ನು ಷಿಕಾರಿ ಎಂದು ಕರೆಯಲು ನನಗಂತೂ ಮನಸ್ಸು ಬಾರದು.

ನಮ್ಮ ಕಾನೂನು ಮಾಡಿದವರಿಗೂ ಹಾಗೆಯೇ ಅನ್ನಿಸಿರಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಾಗ ಬೇಟೆ ಪೂರ್ತಿಯಾಗಿ ನಿಂತಿರಲಿಲ್ಲ; ಪರವಾನಗಿಗೆ ಅವಕಾಶವಿತ್ತು. ಆದರೆ ಅದರ 17ನೆಯ ಕಲಮು ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಬೇಟೆ ಕೂಡದೆಂದಿತು, ಕೃತಕ ಬೆಳಕಿನ ಬಳಕೆಯನ್ನೂ ನಿಷೇಧಿಸಿತು. ತಾನು ಕೊಂದ ಪ್ರಾಣಿಯ ಬಳಿಗೆ ಮರಳುವ ಮಾಂಸಾಹಾರಿಯ ವಿಷಯದಲ್ಲಿ ಮಾತ್ರ ವಿಶೇಷ ಪರವಾನಗಿಯ ವಿನಾಯಿತಿ. ಪರವಾನಗಿ ಬೇಟೆಗೆ ಸಂಬಂಧಿಸಿದ ಆ ಕಲಮುಗಳನ್ನೇ 1991ರ ತಿದ್ದುಪಡಿ ಕಿತ್ತುಹಾಕಿತು. ಅಷ್ಟರಲ್ಲಿ ಮುತ್ತತ್ತಿಯ ಸುತ್ತಲ ಕಾಡು 1987ರಲ್ಲಿ ಕಾವೇರಿ ವನ್ಯಜೀವಿಧಾಮವಾಗಿತ್ತು.

ಇನ್ನು ಟೆಕ್ಸಾಸಿನ ದುರ್ಬೀನು. ಅದು ಹುಟ್ಟಿದ್ದು ಬೇಟೆಗಲ್ಲ, ಯುದ್ಧಕ್ಕೆ. 1945ರ ಓಕಿನಾವಾ ಕದನದಲ್ಲಿ ಅಮೆರಿಕದ ಸೈನಿಕರು ಅವಕೆಂಪು ದೀಪ ಹೊತ್ತ ಬಂದೂಕುಗಳನ್ನು ಬಳಸಿದರು. ಆ ಬೆಳಕು ಬರಿಗಣ್ಣಿಗೆ ಕಾಣದು, ದುರ್ಬೀನಿಗೆ ಕಾಣುತ್ತದೆ. ವಿಯೆಟ್ನಾಂ ಯುದ್ಧದ ಹೊತ್ತಿಗೆ ದೀಪವೇ ಬೇಡವಾಗಿ, ನಕ್ಷತ್ರಗಳ ಬೆಳಕನ್ನೇ ಸಾವಿರಾರು ಪಟ್ಟು ಹಿಗ್ಗಿಸಿ ಹಸಿರು ಪರದೆಯ ಮೇಲೆ ತೋರಿಸುವ ನಳಿಗೆ ಬಂತು. ನಮ್ಮ ಸೈನ್ಯಕ್ಕೆ ಇಂತಹವನ್ನು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ತನ್ನ ಮಚಲೀಪಟ್ಣಂ ಘಟಕದಲ್ಲಿ ತಯಾರಿಸುತ್ತ ಬಂದಿದೆ. ಹಳೆಯ ಪೀಡೆ ಮಾತ್ರ ಬೆನ್ನು ಬಿಡಲಿಲ್ಲ. ಎದುರಿನ ದೀಪ ಹೋಯಿತು, ಪರದೆಯೇ ದೀಪವಾಯಿತು. ಅದರ ಹಸಿರು ಹೊಳಪು ಸೈನಿಕನ ಮುಖದ ಮೇಲೆ ಬಿದ್ದು ಶತ್ರುವಿಗೆ ಅವನ ಇರವನ್ನು ತೋರಿಸಿಬಿಡುತ್ತಿತ್ತು. ಆದ್ದರಿಂದ ಕಣ್ಣಿಡುವಲ್ಲಿ ರಬ್ಬರಿನ ಬಟ್ಟಲನ್ನಿಟ್ಟು, ಅದರೊಳಗೆ ಮುಖ ಒತ್ತಿದಾಗ ಮಾತ್ರ ತೆರೆದು ತೆಗೆದೊಡನೆ ಮುಚ್ಚಿಕೊಳ್ಳುವ ರೆಪ್ಪೆಗಳನ್ನು ಕೂರಿಸಿದರು. ನಮ್ಮವರ ಒಡಕು ಮಡಕೆ ಬೆಳಕನ್ನು ಹಿಂದಕ್ಕೆ ಬಿಡುತ್ತಿರಲಿಲ್ಲ, ಇದೂ ಬಿಡುವುದಿಲ್ಲ. ಪರದೆಯ ಬೆಳಕನ್ನು ಕಾಣುವಷ್ಟಕ್ಕೆ ಮಾತ್ರ ಇಳಿಸುವುದು, ಕೆಂಪು ಬಣ್ಣದ ನೋಟಕ್ಕೆ ಬದಲಿಸುವುದು, ಒಂದೇ ಕಣ್ಣಿನಿಂದ ನೋಡಿ ಇನ್ನೊಂದನ್ನು ಕತ್ತಲೆಗೇ ಮೀಸಲಿಡುವುದು – ನನ್ನ ವಿದ್ಯಾರ್ಥಿಯ ಮೂಲಕ ಆ ನೆರೆಮನೆಯವರಿಗೆ ನಾನು ಹೇಳಿಕಳುಹಿಸಿದ್ದು ಇಷ್ಟೇ.

ಬೇಟೆಯ ಬೆಳಕು ಬೇಟೆಯನ್ನೇ ಬಿಟ್ಟು ನಡೆದ ಕಥೆಯೂ ಇದೆ. ಅಮೆರಿಕದ ಜಾರ್ಜ್ ಶೈರಸ್ ದೋಣಿಯ ಮುಂದೆ ದೀಪ ಕಟ್ಟಿ ಜಿಂಕೆ ಹೊಡೆಯುವ ವಿಧಾನವನ್ನೇ ಬಳಸಿ, ಬಂದೂಕಿನ ಬದಲು ಕ್ಯಾಮೆರಾ ಹಿಡಿದ. ಅವನ ಚಿತ್ರಗಳು 1906ರಲ್ಲಿ ‘ನ್ಯಾಷನಲ್ ಜಿಯಾಗ್ರಫಿಕ್’ ಪತ್ರಿಕೆಯಲ್ಲಿ ಅಚ್ಚಾದವು. 1920ರ ದಶಕದಲ್ಲಿ ಅರಣ್ಯಾಧಿಕಾರಿ ಎಫ್. ಡಬ್ಲ್ಯು. ಚಾಂಪಿಯನ್ ನಮ್ಮ ದೇಶದ ಕಾಡಿನಲ್ಲಿ ಹುಲಿ ತಾನೇ ತಂತಿ ಮೆಟ್ಟಿ ತನ್ನ ಚಿತ್ರ ತೆಗೆದುಕೊಳ್ಳುವಂತೆ ಮಾಡಿದರು. 1990ರ ದಶಕದಲ್ಲಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಇಂತಹ ಕ್ಯಾಮೆರಾಗಳಿಂದ ಹುಲಿಗಳನ್ನು ಎಣಿಸಿದರು. ಕಾವೇರಿ ವನ್ಯಜೀವಿಧಾಮದಲ್ಲಿ ಸಂಜಯ್ ಗುಬ್ಬಿಯವರ ತಂಡ ಚಿರತೆಗಳಿಗಾಗಿ ಇಟ್ಟ ಕ್ಯಾಮೆರಾಗಳಲ್ಲಿ ತರಕರಡಿಯೂ ಸಿಕ್ಕಿಬಿದ್ದು, 2014ರಲ್ಲಿ ಸುದ್ದಿಯಾಯಿತು. ಕುಕ್ಕುವ ಬೆಳಕಿನ ಚಿಂತೆ ಇಲ್ಲಿಯೂ ಇದೆ. ಆದರೆ ಈಗ ಅದು ಪ್ರಾಣಿಯ ಕಣ್ಣಿನ ಚಿಂತೆ. ಬಿಳಿಯ ಮಿಂಚಿಗೆ ಪ್ರಾಣಿ ಬೆದರಬಹುದೆಂದು ಅವಕೆಂಪು ದೀಪಗಳು ಬಂದವು. 850 ನ್ಯಾನೊಮೀಟರಿನ ದೀಪದಲ್ಲಿ ಮಸುಕಾದ ಕೆಂಪು ಕಾಣುತ್ತದೆ. 940ರದರಲ್ಲಿ ಮನುಷ್ಯನ ಕಣ್ಣಿಗೆ ಏನೂ ಕಾಣುವುದಿಲ್ಲ.

ಹಲಗೂರು, ಮುತ್ತತ್ತಿ ಕಡೆಯ ಬಂಧುಗಳಲ್ಲಿ ಯಾರ ಮನೆಯ ಅಟ್ಟದ ಮೇಲಾದರೂ ಹಳೆಯ ಕಾರ್ಬೈಡ್ ದೀಪ ಉಳಿದಿದ್ದರೆ ಗುಜರಿಗೆ ಹಾಕುವ ಮುನ್ನ ನನಗೊಂದು ಮಾತು ತಿಳಿಸಿ. ಒಡಕು ಮಡಕೆಯ ದೀಪವನ್ನು ಕಣ್ಣಾರೆ ಕಂಡ ಹಿರಿಯರು ಯಾರಾದರೂ ನಿಮ್ಮ ಮನೆಯಲ್ಲಿದ್ದರೆ, ಅವರ ಮಾತನ್ನು ಈಗಲೇ ಬರೆದಿಟ್ಟುಕೊಳ್ಳಿ.