ಹವಾಮಾನ ಅನ್ಯಾಯ ಮತ್ತು ಸಮಾಜಕಾರ್ಯ

ವಾತಾವರಣ ಕೆಡಿಸುವುದರಲ್ಲಿ ಅತಿ ಕಡಿಮೆ ಪಾಲುಳ್ಳವರೇ ಬರ, ನೆರೆ, ಬಿಸಿಗಾಳಿಗಳ ಪೆಟ್ಟನ್ನು ಹೆಚ್ಚಾಗಿ ತಿನ್ನುವ ಸ್ಥಿತಿಯನ್ನು ಹವಾಮಾನ ಅನ್ಯಾಯ ಎನ್ನುತ್ತಾರೆ. ಈ ಅಸಮಾನತೆ ದೇಶದೇಶಗಳ ನಡುವೆ ಇರುವಂತೆ ಒಂದೇ ಊರಿನ ಎರಡು ಕೇರಿಗಳ ನಡುವೆಯೂ ಇದೆ. ಆಪತ್ತು ಬಂದಾಗ ಅನ್ನ, ನೀರು, ಹೊದಿಕೆ ತಲುಪಿಸುವುದರಿಂದ ಸಮಾಜ ಕಾರ್ಯಕರ್ತರ ಕೆಲಸ ಶುರುವಾಗುತ್ತದೆ. ಪರಿಹಾರದ ಪಟ್ಟಿಯಿಂದ ಯಾರ ಹೆಸರು ಬಿಟ್ಟುಹೋಗಿದೆ, ಏಕೆ ಹೋಗಿದೆ ಎಂದು ಹುಡುಕಿ, ಅವರು ತಮ್ಮ ಪಾಲನ್ನು ಹಕ್ಕಾಗಿ ಕೇಳುವಂತೆ ಮಾಡುವುದು ಅದರ ತಿರುಳು.

ಭಾರತದಲ್ಲಿ ಸಮಾಜಕಾರ್ಯದ ವೃತ್ತಿ ಶಿಕ್ಷಣ 1936ರಲ್ಲಿ ಮುಂಬೈಯ ಸರ್ ದೊರಾಬ್ಜಿ ಟಾಟಾ ಶಾಲೆಯಿಂದ ಆರಂಭವಾಯಿತು. ವ್ಯಕ್ತಿ, ಕುಟುಂಬ, ಸಮುದಾಯಗಳ ಸುತ್ತ ಬೆಳೆದ ಈ ವಿಷಯದೊಳಕ್ಕೆ ಮಣ್ಣು, ನೀರು, ಗಾಳಿ ಬಂದದ್ದು ತಡವಾಗಿ. ಸಮಾಜಕಾರ್ಯದ ವಿದ್ವಾಂಸೆ ಲೆನಾ ಡೊಮಿನೆಲಿ ಅವರು 2012ರಲ್ಲಿ ಪ್ರಕಟಿಸಿದ ಕೃತಿಯೊಂದು ‘ಹಸಿರು ಸಮಾಜಕಾರ್ಯ’ ಎಂಬ ಹೆಸರನ್ನು ಬಳಕೆಗೆ ತಂದಿತು. ಬಡತನ ಮತ್ತು ಪರಿಸರದ ಹಾನಿಯನ್ನು ಬೇರೆ ಬೇರೆ ಸಮಸ್ಯೆಗಳಾಗಿ ನೋಡಬಾರದು ಎಂಬುದು ಅದರ ವಾದ.

ಬಿಸಿಲಿನ ವಿಷಯದಲ್ಲಿ ಅಹಮದಾಬಾದಿನ ಅನುಭವ ಬಹಳ ಕಲಿಸುತ್ತದೆ. 2010ರ ಮೇ ತಿಂಗಳಲ್ಲಿ ಅಲ್ಲಿ ಉಷ್ಣಾಂಶ 46.8 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಆ ತಿಂಗಳು ಸಾಮಾನ್ಯಕ್ಕಿಂತ 1,344 ಹೆಚ್ಚು ಸಾವುಗಳಾದವೆಂದು ಅಧ್ಯಯನವೊಂದು ಅಂದಾಜು ಮಾಡಿತು. ನೆರೆಗೆ ಕೊಚ್ಚಿಹೋದ ಮನೆ ಕಣ್ಣಿಗೆ ಕಾಣುತ್ತದೆ. ಆದರೆ ಬಿಸಿಲಿಗೆ ಸತ್ತ ಮುದುಕಿಯ ದಾಖಲೆಯಲ್ಲಿ ಹೃದಯಾಘಾತ ಎಂದಷ್ಟೇ ಇರಬಹುದು. 2013ರಲ್ಲಿ ನಗರಪಾಲಿಕೆ ದಕ್ಷಿಣ ಏಷ್ಯಾದ ಮೊದಲ ಬಿಸಿಗಾಳಿ ಕ್ರಿಯಾ ಯೋಜನೆ ರೂಪಿಸಿತು. ಆದರೆ ಎಚ್ಚರಿಕೆಯ ಸಂದೇಶ ಬಂದರೂ ದಿನಗೂಲಿಯವರು ಕೆಲಸ ಬಿಟ್ಟು ಮನೆಯಲ್ಲಿ ಕೂರಲಾರರು. ಕೂತರೂ ತಗಡಿನ ಮಾಡಿನ ಕೆಳಗೆ ತಂಪಿಲ್ಲ. ಈ ಎರಡು ಮಾತುಗಳನ್ನು ಯೋಜನೆ ಮಾಡುವವರ ಕಿವಿಗೆ ಮುಟ್ಟಿಸಬಲ್ಲವರು ಕೇರಿಯಲ್ಲೇ ಓಡಾಡುವವರು. ಅಹಮದಾಬಾದಿನ ಮಹಿಳಾ ಹೌಸಿಂಗ್ ಟ್ರಸ್ಟ್ ಬಡವರ ಮಾಡುಗಳಿಗೆ ಬಿಸಿಲನ್ನು ಹಿಂದಕ್ಕೆ ಚಿಮ್ಮಿಸುವ ಬಿಳಿ ಬಣ್ಣ ಬಳಿಸಿತು. ಯಾವ ಮನೆಗೆ ಏನು ಬೇಕು ಎಂಬುದನ್ನು ಅಲ್ಲಿನ ಹೆಂಗಸರ ಜೊತೆ ಕೂತು ನಿರ್ಧರಿಸಿತು.

ಇಳಾ ಭಟ್ 1972ರಲ್ಲಿ ಕಟ್ಟಿದ, ದುಡಿಯುವ ಮಹಿಳೆಯರ ‘ಸೇವಾ’ ಸಂಘಟನೆ ಕೂಲಿಯ ನಷ್ಟವನ್ನೇ ಕೈಗೆತ್ತಿಕೊಂಡಿತು. 2023ರಲ್ಲಿ ಗುಜರಾತಿನ ಸುಮಾರು 21,000 ಮಹಿಳೆಯರಿಗೆ, ಉಪ್ಪಿನ ಗದ್ದೆಯವರು, ಬೀದಿ ವ್ಯಾಪಾರಿಗಳು, ಚಿಂದಿ ಆಯುವವರೂ ಸೇರಿದಂತೆ, ಬಿಸಿಲಿನ ವಿಮೆ ಮಾಡಿಸಿತು. ಉಷ್ಣಾಂಶ ಗೊತ್ತುಪಡಿಸಿದ ಮಟ್ಟ ದಾಟಿದರೆ ಆಸ್ಪತ್ರೆಯ ಚೀಟಿಯಿಲ್ಲದೆ ಹಣ ಖಾತೆಗೆ ಬೀಳುವ ಏರ್ಪಾಡು ಅದು. ಮಿತಿ ತೀರಾ ಎತ್ತರದಲ್ಲಿದ್ದುದರಿಂದ ಮೊದಲ ವರ್ಷ ಹಣ ಬರಲಿಲ್ಲ. 2024ರಲ್ಲಿ ಯೋಜನೆಯನ್ನು ತಿದ್ದಿ ಸುಮಾರು 50,000 ಸದಸ್ಯೆಯರಿಗೆ ವಿಸ್ತರಿಸಿದರು; ಬಹುಪಾಲು ಮಂದಿಗೆ ಹಣ ಸಿಕ್ಕಿತು. ಮೊತ್ತ ಚಿಕ್ಕದು, ಆದರೂ ಬಿಸಿಲಿಗೆ ಕಳೆದ ಕೂಲಿಗೆ ಬೆಲೆ ಕಟ್ಟಲು ಸಾಧ್ಯ ಎಂದು ಇದು ತೋರಿಸಿತು. 15ನೇ ಹಣಕಾಸು ಆಯೋಗದ ಅವಧಿಯಲ್ಲಿ ವಿಪತ್ತು ಪರಿಹಾರ ನಿಧಿಗೆ ಅರ್ಹವಾದ ರಾಷ್ಟ್ರೀಯ ಪಟ್ಟಿಯಲ್ಲಿ ಶೀತಗಾಳಿ ಇತ್ತು, ಬಿಸಿಗಾಳಿ ಇರಲಿಲ್ಲ ಎಂಬುದನ್ನು ಇದರ ಜೊತೆಗೇ ನೆನೆಯಬೇಕು.

ಕರ್ನಾಟಕದಲ್ಲಿ ಅನ್ಯಾಯ ಹೆಚ್ಚಾಗಿ ಕಾಗದಪತ್ರದ ರೂಪದಲ್ಲಿ ಬರುತ್ತದೆ. 2023ರಲ್ಲಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಯಿತು. ಬೆಳೆ ಪರಿಹಾರ ಹೋಗುವುದು ಪಹಣಿಯಲ್ಲಿ ಹೆಸರಿದ್ದು, ರೈತರ ಮಾಹಿತಿಯ ‘ಫ್ರೂಟ್ಸ್’ ತಂತ್ರಾಂಶದಲ್ಲಿ ನೋಂದಾಯಿಸಿಕೊಂಡವರ ಖಾತೆಗೆ. ಕೋರಿಗೋ ಲಾವಣಿಗೋ ಹೊಲ ಮಾಡಿದವನು ಬೀಜ, ಗೊಬ್ಬರಕ್ಕೆ ಸಾಲ ತಂದಿದ್ದರೂ ಲೆಕ್ಕಕ್ಕೆ ಬರುವುದಿಲ್ಲ. ಗಂಡ ತೀರಿಕೊಂಡು, ಜಮೀನು ಇನ್ನೂ ತನ್ನ ಹೆಸರಿಗೆ ಪೌತಿ ಖಾತೆಯಾಗದ ಹೆಂಗಸಿನ ಪಾಡೂ ಅದೇ. 2015–16ರ ಕೃಷಿ ಗಣತಿಯಲ್ಲಿ ದೇಶದ ಹಿಡುವಳಿದಾರರ ಪೈಕಿ ಮಹಿಳೆಯರು ಶೇ 14ರಷ್ಟಿದ್ದರು. ಹೊಲದಲ್ಲಿ ದುಡಿಯುವವರ ಪೈಕಿ ಅವರ ಪಾಲು ಅದಕ್ಕಿಂತ ಎಷ್ಟೋ ದೊಡ್ಡದು. 2019ರ ಆಗಸ್ಟಿನಲ್ಲಿ ಕೃಷ್ಣಾ, ಮಲಪ್ರಭಾ, ಘಟಪ್ರಭಾ ಉಕ್ಕಿದಾಗ ಬಿದ್ದ ಮನೆಗಳನ್ನು ಹಾನಿಯ ಪ್ರಮಾಣಕ್ಕೆ ತಕ್ಕಂತೆ ಎ, ಬಿ, ಸಿ ಎಂದು ವಿಂಗಡಿಸಲಾಯಿತು. ಇಂಥ ಸಮೀಕ್ಷೆಯಲ್ಲಿ ಯಾರ ಗೋಡೆ ಯಾವ ಅಕ್ಷರಕ್ಕೆ ಸೇರುತ್ತದೆ ಎಂಬುದರ ಮೇಲೆ ಒಂದು ಕುಟುಂಬದ ಮುಂದಿನ ಹತ್ತು ವರ್ಷ ನಿಂತಿರುತ್ತದೆ. ಆದ್ದರಿಂದ ಸಮೀಕ್ಷೆಯವರ ಜೊತೆ ಊರು ಸುತ್ತುವುದು, ಆಕ್ಷೇಪಣೆ ಬರೆದುಕೊಡುವುದು, ಪೌತಿ ಖಾತೆಗೆ ನಾಡಕಚೇರಿಗೆ ಅಲೆಯುವುದು, ಗ್ರಾಮಸಭೆಯಲ್ಲಿ ಪಟ್ಟಿಯನ್ನು ಗಟ್ಟಿಯಾಗಿ ಓದಿಸುವುದು ಇಲ್ಲಿ ಸಮಾಜಕಾರ್ಯದ ನಿಜವಾದ ಹೂರಣ.

ಬರದ ಬೆನ್ನಿಗೇ ಗುಳೆ ಬರುತ್ತದೆ. ರಾಯಚೂರು, ಯಾದಗಿರಿ ಕಡೆಯ ಕುಟುಂಬಗಳು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಬಂದು ತಗಡಿನ ಶೆಡ್ಡುಗಳಲ್ಲಿ ಬೇಯುತ್ತವೆ. ಮಕ್ಕಳ ಶಾಲೆ, ಅಂಗನವಾಡಿ ಊರಲ್ಲೇ ಉಳಿಯುತ್ತವೆ. 2005ರ ಉದ್ಯೋಗ ಖಾತರಿ ಕಾಯ್ದೆ ಊರಲ್ಲೇ ವರ್ಷಕ್ಕೆ 100 ದಿನ ಕೂಲಿ ಕೇಳುವ ಹಕ್ಕನ್ನು ಕೊಟ್ಟಿತು. ಕೆಲಸ ಕೇಳಿ ನಮೂನೆ 6 ತುಂಬಿ, ದಿನಾಂಕವಿರುವ ರಸೀದಿ ಪಡೆದರೆ ಮಾತ್ರ, 15 ದಿನದಲ್ಲಿ ಕೆಲಸ ಸಿಗದಿದ್ದಾಗ ನಿರುದ್ಯೋಗ ಭತ್ಯೆ ಕೇಳಲು ಆಧಾರವಿರುತ್ತಿತ್ತು. ಆ ರಸೀದಿಯನ್ನು ಬಿಡದೆ ಕೇಳಲು ಕೂಲಿಕಾರರನ್ನು ಒಟ್ಟುಗೂಡಿಸಿದ್ದು ಸಂಘಟಕರ ದೊಡ್ಡ ಸಾಧನೆ.

ಕಾನೂನಿನ ಬಲವೂ ಈಗ ಸ್ವಲ್ಪ ಕೂಡಿಬಂದಿದೆ. ಎಂ. ಕೆ. ರಂಜಿತ್‌ಸಿಂಹ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ಮಾರ್ಚ್ 21ರಂದು, ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ಮುಕ್ತವಾಗಿರುವ ಹಕ್ಕನ್ನು ಸಂವಿಧಾನದ 14 ಮತ್ತು 21ನೇ ವಿಧಿಗಳಲ್ಲಿ ಗುರುತಿಸಿತು. ಆದರೆ ಈ ಹಕ್ಕನ್ನು ಕೇರಿಗೆ ತಲುಪಿಸಬೇಕಾದವರ ನೆಲೆ ಗಟ್ಟಿಯಿಲ್ಲ. ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು 2021ರ ಆರೋಗ್ಯ ವೃತ್ತಿಗಳ ಆಯೋಗದ ಕಾಯ್ದೆಯ ವ್ಯಾಪ್ತಿಗೆ ಬಂದಿದ್ದಾರೆ; ಸಮುದಾಯದ ನಡುವೆ ದುಡಿಯುವವರಿಗೆ ಅಂಥ ರಾಷ್ಟ್ರೀಯ ಮಂಡಳಿ ಇಲ್ಲ. ಅನೇಕರು ಯೋಜನೆಯ ಅವಧಿಗೆ ಗುತ್ತಿಗೆಯಲ್ಲಿರುವವರು. ಅನುದಾನ ಮುಗಿದಾಗ ಅವರು ಊರು ಬಿಡಬೇಕಾಗುತ್ತದೆ, ಪುನರ್ವಸತಿಯ ಅರ್ಜಿಗಳು ಆಗಿನ್ನೂ ತಾಲ್ಲೂಕು ಕಚೇರಿಯಲ್ಲೇ ಇರುತ್ತವೆ.